ಇಮಾಮಬಿ ಎಣಿಸಿದ್ದು

ಅರವತ್ತೈದನೇ ಇಸವಿ. ದಾಂಡೇಲಿ ಸ್ಟ್ಯಾಂಡಿನಲ್ಲಿ ಹಳಿಯಾಳದ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಮುಂದೆ ನಮ್ಮ ಓಣಿಯ ಇಮಾಮಬಿ, ನಾಲ್ಕು ವರ್ಷದ ಮೊಮ್ಮಗಳನ್ನು ಹೆಗಲ ಮೇಲೆ ಮಲಗಿಸಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಅವಳ ಗೆಳತಿ, ಸಾಂಬ್ರಾಣಿ ಊರಿನ ಯಲ್ಲವ್ವ.

“ನೀರಿನ ಟಾಕಿಗೆ ಬಿದ್ದದ್ದು ಇದ ಕೂಸೇನ್ರಿ ಅಕ್ಕಾ?” ಯಲ್ಲವ್ವ ಕೇಳಿದಳು.

“ಹೂಂ, ಇದ. ಎತ್ತಿದಾಗ ಉಸಿರಿಲ್ಲ, ನಾಡಿ ಇಲ್ಲ. ನಾವು ಅಳಕೋತ ಕುಂತಿದ್ವಿ.”

“ಮತ್ತ?”

“ಬಾಜೂ ಮನಿ ನರ್ಸಬಾಯಿ ಓಡಿ ಬಂದ್ಲು. ಹುಬ್ಬಳ್ಳ್ಯಾಗ ಹೊಸಾದು ಕಲ್ತು ಬಂದಾಳಂತ. ಬಾಯಿಗೆ ಬಾಯಿ ಇಟ್ಟು ಊದಿದ್ಲು, ಒಂದ ಅಂಗೈಲೆ ಎದಿ ಒತ್ತಿದ್ಲು.”

“ಕೂಸಿನ ಎಲುಬು ಮುರದ್ರ?”

“ನಾನೂ ಹಂಗ ಅಂದೆ. ‘ಮೆಲ್ಲಕ ಒತ್ತಿದ್ರ ರಕ್ತ ತಲಿಗೆ ಹೋಗಂಗಿಲ್ಲ. ನಡುವ ನಿಲ್ಲಸಬಾರದು. ನೀವು ಜೋರಲೆ ಎಣಸ್ರಿ, ನನ್ನ ಕೈ ತಪ್ಪಬಾರದು’ ಅಂದ್ಲು.”

“ಎಣಸಿದ್ರಿ?”

“ನನಗ ಇಪ್ಪತ್ತರ ತನಕ ಅಷ್ಟ ಬರ್ತೇತಿ. ಮುಗದ ಕೂಡಲೆ ಮತ್ತ ಒಂದರಿಂದ. ಎಷ್ಟ ಸಲ ಅಂತ ಗೊತ್ತಿಲ್ಲ, ಗಂಟಲ ಒಣಗಿ ಹೋತು. ಆಮ್ಯಾಲ ಆಕಿ ಕೈ ತಗದ್ಲು. ಮುಗೀತು ಅನಕೊಂಡೆ.”

“ಅಯ್ಯ ಶಿವನ.”

“ನನ್ನ ಕೈ ಹಿಡದು ಕೂಸಿನ ಎದಿ ಮ್ಯಾಲ ಇಟ್ಲು. ಬಡಕೋತಿತ್ತು, ಯಲ್ಲವ್ವಾ. ಯಾರೂ ಒತ್ತಲಾರದ, ತಾನ ಬಡಕೋತಿತ್ತು.”

ಯಲ್ಲವ್ವ ಮಲಗಿದ ಕೂಸಿನ ಬೆನ್ನನ್ನೇ ನೋಡುತ್ತ ನಿಂತಳು.

ಬಸ್ಸು ಬಂತು. ಯಲ್ಲವ್ವ ಮೊದಲು ಹತ್ತಿ, ಕೂಸನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದಳು.

“ಬ್ಯಾಡ ಬಿಡವ್ವಾ,” ಎಂದಳು ಇಮಾಮಬಿ, “ನಾನ ಎತ್ತಗೊಂಡ ಬರ್ತೇನಿ.”

ಇಬ್ಬರೂ ಒಳಗೆ ಹೋದರು.