ಲೆಕ್ಕದೊಳಗಿನ ಸಂಸಾರ

ರೈಲು ಟಿಕೆಟ್ಟಿನ ಸಾಲಿನಲ್ಲಿ ಒಬ್ಬ ದರ್ಜಿ ಹೆಂಗಸಿನ ಮುಂದೆ ನಿವೃತ್ತ ಅರ್ಥಶಾಸ್ತ್ರದ ಮೇಷ್ಟ್ರೂ ಅವರ ನಾದಿನಿಯೂ ನಿಂತಿದ್ದರು.

“ಸಮುದ್ರ ನೋಡ್ಬೇಕು ಅಂತ ಅಕ್ಕ ಬಾಯಿಬಿಟ್ಟು ಕೇಳಿದ್ಳಲ್ಲ ಭಾವ, ಈಗ ಹೊರಟಿದ್ದೀರಿ, ಅವಳಿದ್ದಾಗ ಯಾಕೆ ಹೋಗ್ಲಿಲ್ಲ?”

“ನಾನು ಪಾಠ ಮಾಡ್ತಿದ್ದ ಲೆಕ್ಕವೇ ಹಾಗಿತ್ತಮ್ಮ. ಇವತ್ತಿನ ಖರ್ಚು ತಡೆದು ಕೂಡಿಟ್ರೆ, ನಾಳೆ ಬೆಳೆದು ಹೆಚ್ಚಾಗಿ ಸಿಗುತ್ತೆ.”

“ಆ ನಾಳೆ ಬರೋದು ಯಾವತ್ತು?”

“ಅದನ್ನ ಯಾರೂ ಕೇಳಲ್ಲ. ಆ ಲೆಕ್ಕದಲ್ಲಿ ಬರೋ ಸಂಸಾರದಲ್ಲಿ ಯಾರಿಗೂ ಸಾವೇ ಇಲ್ಲ.”

“ಪುಣ್ಯವಂತರ ಸಂಸಾರ, ಬಿಡಿ!”

ಮೇಷ್ಟ್ರು ನಗಲಿಲ್ಲ. “ನೀನೂ ಬಾರಮ್ಮ. ಒಬ್ಬನೇ ಹೋಗಿ ಏನು ನೋಡ್ಲಿ?”

“ಈಗ ಸುಮ್ನೆ ಯಾಕೆ ಖರ್ಚು ಭಾವ? ಮುಂದಿನ ವರ್ಷ ಹೋದ್ರಾಯ್ತು.”

“ಅವಳಿಗೆ ನಾನೂ ಹೀಗೇ ಹೇಳ್ತಿದ್ದೆ.”

ಕಿಟಕಿಯವನು ಎಷ್ಟು ಟಿಕೆಟ್ಟೆಂದು ಕೇಳಿದ.

“ಒಂದು. ಇವತ್ತಿನ ಗಾಡಿಗೇ.”

ಮೇಷ್ಟ್ರು ಪ್ಲಾಟ್‌ಫಾರ್ಮಿನತ್ತ ನಡೆದರು. ನಾದಿನಿ ಹೊರಬಾಗಿಲಿನತ್ತ ಹೋದಳು. ದರ್ಜಿ ಹೆಂಗಸಿನ ಸರದಿ ಬಂತು.