ಮೆತ್ತಗೆ ಕೇಳುವ ಲೀಡರು

ನಮ್ಮೂರ ಡೈರಿಯಲ್ಲಿ ಹಾಲು ಹಾಕುವ ಸಾಲು. ನನ್ನ ಮುಂದಿದ್ದ ಚಲುವರಾಜು ಮೊಬೈಲಿನಲ್ಲಿ ಬ್ರಿಟನ್ ಪಾರ್ಲಿಮೆಂಟು ನೋಡುತ್ತ ಕುದಿಯುತ್ತಿದ್ದ. ಪಕ್ಕದಲ್ಲಿ ಚಿಕ್ಕಬೋರಮ್ಮ, ಡೈರಿಯವರು ಬೇಡವೆಂದ ಹಾಲಿನ ಕ್ಯಾನು ಹಿಡಿದು ನಿಂತಿದ್ದಳು.

“ಥೂ! ಬುಧವಾರ ಬುಧವಾರ ಪ್ರಧಾನಿನೇ ನಿಲ್ಲಿಸ್ಕಂಡು ಕೇಳ್ಬೋದು. ಈ ವಿರೋಧ ಪಕ್ಷದ ಲೀಡ್ರು ಎಷ್ಟು ಮೆತ್ತಗೆ ಕೇಳ್ತಾವ್ರೆ ನೋಡಕ್ಕ!”

“ಅವ್ರೂರ ಗಲಾಟೆ ನಿಂಗ್ಯಾಕ್ಲಾ?”

“ಬೆವರಿಳಿಸಕ್ಕಾಗ್ದಿದ್ರೆ ಲೀಡ್ರುಗಿರಿ ಬುಟ್ಟು ಎದ್ದೋಗ್ಬೇಕು ಕಣಕ್ಕ!”

“ಡೈರಿ ಎಲೆಕ್ಷನ್ನಲ್ಲಿ ಸೋತ ಗುಂಪಿನ ಲೀಡ್ರು ನೀನೇ ಅಲ್ವೇನ್ಲಾ? ಫ್ಯಾಟಿಲ್ಲ ಅಂತ ದಿನಾ ನನ್ ಹಾಲು ವಾಪಸ್ ಕಳಿಸ್ತಾವ್ರೆ. ಅಧ್ಯಕ್ಷನ್ನ ಒಂದಿನ ಕೇಳಿದ್ದೀಯಾ?”

“ಅವ್ರ ಮನೆಗೆ ಮಗಳ್ನ ಕೊಟ್ಟಿವ್ನಿ. ಬೀಗ್ರನ್ನ ಎಂಗಕ್ಕ ಕೇಳದು?”

“ಅಂಗಾರೆ ಆ ಲೀಡ್ರೂ ಪ್ರಧಾನಿಗೆ ಬೀಗ್ರೇ ಇರ್ಬೇಕು, ಸುಮ್ಕಿರ್ಲಾ!” ಎಂದು ಚಿಕ್ಕಬೋರಮ್ಮ ಕ್ಯಾನು ಎತ್ತಿಕೊಂಡು ಹೊರಟೇಬಿಟ್ಟಳು.