ಬಾವಿ ಪಕ್ಕದ ಕಂಬ

ಕಂಬ ಹತ್ತುವ ಮೊದಲು ಆ ಲೈನ್‌ಮನ್ ಕಟಿಂಗ್ ಪ್ಲೈಯರ್‌ನಿಂದ ಕಂಬಕ್ಕೆ ಎರಡು ಸಲ ಬಡಿಯುತ್ತಿದ್ದ. ಟಣ್... ಟಣ್. ಬಾಗಿಲು ತಟ್ಟಿ ಒಳಗೆ ಬರುವ ಮರ್ಯಾದಸ್ಥನ ಹಾಗೆ. ಆಮೇಲೆ ಆಫೀಸಿಗೆ ಫೋನ್. "ತಂಗೀ, ಬಂದ್ ಮಾಡಿದ್ಯಾ?"

ತಂಗಿ ಅಂದರೆ ನಮ್ಮ ದೊಡ್ಡಮ್ಮನ ಮಗಳು. ದನಿ ತೀರಾ ಸಣ್ಣದು ಅಂತ ಮನೆಯಲ್ಲಿ ಎಲ್ಲರೂ ಗುಬ್ಬಿ ಅಂತಲೇ ಕರೆಯೋದು. ಬೀದಿದೀಪದ ಆಫೀಸಿನಲ್ಲಿ ಅವಳಿಗೆ ಕಂಪ್ಯೂಟರ್ ಕೆಲಸ. ಬಡಾವಣೆಯ ಕಂಬಗಳೆಲ್ಲ ಒಂದೇ ಪುಟದಲ್ಲಿ. ಒಂದು ಕಂಬಕ್ಕೆ ಒಂದು ಸಾಲು, ಸಾಲಿನ ಕೊನೆಗೆ ಚಾಲೂ ಇಲ್ಲವೇ ಬಂದ್. ಎಷ್ಟು ಸಾಲು ತಿದ್ದಿದರೂ ಕೆಳಗೆ ಸೇವ್ ಬಟನ್ ಒಂದೇ. ಒತ್ತಿದರೆ ಮುಟ್ಟಿದ್ದು, ಮುಟ್ಟದ್ದು ಅಷ್ಟೂ ಸಾಲು ಪುಟದಲ್ಲಿ ಹೇಗಿದೆಯೋ ಹಾಗೇ ಒಳಗೆ ಹೋಗಿ ಕೂರುತ್ತಿತ್ತು. ಆ ಕ್ಷಣವೇ ಅತ್ತ ತಂತಿಯಲ್ಲಿ ಕರೆಂಟು ಬರುವುದು, ಹೋಗುವುದು. ಅದಕ್ಕೇ ಗುಬ್ಬಿ ತೆರೆದಿಟ್ಟ ಹಳೇ ಪುಟವನ್ನು ನಂಬುತ್ತಿರಲಿಲ್ಲ. ಸೇವ್ ಒತ್ತುವ ಮುಂಚೆ ಪುಟವನ್ನು ಹೊಸದಾಗಿ ತೆರೆಯುವಳು. ಪ್ರತಿ ಸಲ.

"ಆಮೆಗೆ ಕಂಪ್ಯೂಟರ್ ಕೊಟ್ಟ ಹಾಗಿದೆ ಕಣೇ ನಿನ್ನ ಕತೆ," ಅಂತ ಪಕ್ಕದ ಕುರ್ಚಿಯ ಮಾತಿನಮಲ್ಲಿ ನಗುತ್ತಿದ್ದಳು. ನಕ್ಕರೂ ಜೀವದ ಗೆಳತಿ. ಒಂದೇ ಡಬ್ಬಿಯಲ್ಲಿ ಊಟ. ಗುಬ್ಬಿಗೆ ಜ್ವರ ಬಂದಾಗ ಕೈ ಹಿಡಿದು ಮನೆ ಮುಟ್ಟಿಸಿದವಳು. ತನ್ನ ಪಾಸ್‌ವರ್ಡು ಲಾಕ್ ಆದಾಗಲೆಲ್ಲ ಗುಬ್ಬಿಯದ್ದೇ ಹಾಕಿಕೊಳ್ಳುತ್ತಿದ್ದಳು. ಅದೂ ಡಬ್ಬಿಯ ಹಾಗೇ, ಇಬ್ಬರದ್ದು.

ಆ ಸಂಜೆ ಫೋನ್ ಬಂತು. "ತಂಗೀ, ಬಾವಿ ಪಕ್ಕದ ಕಂಬ. ಬಂದ್ ಮಾಡಿದ್ಯಾ?"

ಗುಬ್ಬಿ ಪುಟ ತೆರೆದಳು. ಬಂದ್. ಸೇವ್. "ಆಯ್ತಣ್ಣ. ಹತ್ತು."

ನೀರು ತರಲು ಎದ್ದು ಹೋದಳು. ತಿರುಗಿ ಬರುವಾಗ ಮಲ್ಲಿಯ ಬೆರಳು ಮೌಸಿನ ಮೇಲಿತ್ತು. ಟಕ್. ದೀಪ ಹೊತ್ತುವ ಹೊತ್ತಿಗೇ, ಗುಬ್ಬಿಯ ಪಾಸ್‌ವರ್ಡಿನಲ್ಲಿ ತೆರೆದಿಟ್ಟಿದ್ದ ಪುಟ. ಸಂತೆಬೀದಿಯ ಮೂರು ದೀಪ ತಿದ್ದಿದ್ದಳು, ಅಷ್ಟೇ. ಆದರೆ ಆ ಪುಟದಲ್ಲಿ ಬಾವಿ ಪಕ್ಕದ ಕಂಬ ಇನ್ನೂ ಚಾಲೂ.

"ಏ... ಪುಟ ಹೊಸದಾಗಿ ತೆರೆದ್ಯಾ?"

ಮಲ್ಲಿ ಮೌಸಿನಿಂದ ಬೆರಳು ಕಿತ್ತುಕೊಂಡಳು.

ಲೈನ್‌ಮನ್‌ಗೆ ಫೋನ್ ಹಚ್ಚಿದಳು. ರಿಂಗ್ ಆಯಿತು. ಆಗುತ್ತಲೇ ಇತ್ತು... ಆಮೇಲೆ ಅದೂ ನಿಂತಿತು.

ಲೈನ್‌ಮನ್ ಸಾವಿನ ವಿಚಾರಣೆಯ ದಿನ ಮಲ್ಲಿ ನೆಲ ನೋಡುತ್ತ ಹೇಳಿದಳು. "ನಾನು ಆಗ ಸೀಟಲ್ಲೇ ಇರ್ಲಿಲ್ಲ ಸರ್. ಪಾಪ, ಅವಳಿಗೆ ಮೊದಲಿಂದ್ಲೂ ಗಾಬರಿ ಜಾಸ್ತಿ."

ಆ 'ಪಾಪ' ಅನ್ನುವ ಮಾತು ಗುಬ್ಬಿಯ ಎದೆಗೆ ಚುಚ್ಚಿದ ಹಾಗೆ ಇನ್ಯಾವುದೂ ಚುಚ್ಚಲಿಲ್ಲ. ಒಂದೇ ಡಬ್ಬಿಯಲ್ಲಿ ಉಂಡವಳು ಎರಡು ಬಗೆದಿದ್ದಳು. ಬಾಯಿ ತೆರೆದಳು, ಆ ಸಣ್ಣ ದನಿ ಗಂಟಲಲ್ಲೇ ಕೂತಿತು.

"ಸೇವ್ ಆಗಿರೋದು ನಿನ್ನ ಹೆಸರಲ್ಲಿ," ಅಂದರು ಸಾಹೇಬರು. "ನಾಳೆಯಿಂದ ಬರಬೇಡಮ್ಮ."

ಚೀಲ ಹೆಗಲಿಗೆ ಹಾಕಿಕೊಂಡು ಹೊರಬೀಳುವಾಗ ಕತ್ತಲಾಗಿತ್ತು. ಮನೆಗೆ ಬಾವಿ ಪಕ್ಕದ ದಾರಿ ಒಂದೇ. ಬಾವಿಗೆ ಕಬ್ಬಿಣದ ಜಾಲರಿ. ಅದರ ಮೇಲೆ ಒಣಗಿದ ಎಲೆಗಳು ಚರ್... ಚರ್... ಅಂತ ಸರಿಯುತ್ತಿದ್ದವು. ಕಂಬಕ್ಕೆ ತಂತಿ ಇಲ್ಲ, ಬಲ್ಬಿಲ್ಲ. ಸಾವಾದ ಮೇಲೆ ಎಲ್ಲ ಕಿತ್ತು ಒಯ್ದಿದ್ದರು.

ಟಣ್... ಟಣ್.

ಗುಬ್ಬಿ ನಿಂತಳು. ಚೀಲದೊಳಗೆ ಫೋನ್ ಗುರ್ರ್ ಅಂತ ನಡುಗಿತು. ತೆಗೆದು ನೋಡಿದರೆ... ಲೈನ್‌ಮನ್ ಅಣ್ಣ. ಆ ಫೋನು ಅವನ ಜೇಬಿನಲ್ಲೇ ಕರಗಿ ಹೋಗಿತ್ತು. ಅದನ್ನು ಸುತ್ತಿಟ್ಟಿದ್ದ ಪ್ಲಾಸ್ಟಿಕ್ ಕವರನ್ನು ಅವಳೇ ಸಾಹೇಬರ ಮೇಜಿನ ಮೇಲೆ ನೋಡಿದ್ದಳು.

"ತಂಗೀ..." ಪಿಸುದನಿ. ಹಿಂದೆ ಎಲ್ಲೋ ತಂತಿ ಗುಂಯ್‌ಗುಡುವ ಸದ್ದು. "ಬಂದ್ ಮಾಡಿದ್ಯಾ?"

"ಮಾಡಿದ್ದೆ ಅಣ್ಣ... ಮಾಡಿದ್ದೆ."

ಗುಂಯ್ ಸದ್ದು ಕಿವಿಗೆ ಹತ್ತಿರ ಬಂತು. ಆಮೇಲೆ... "ನೀನೇ ಹತ್ತು ಅಂದ್ಯಲ್ಲಮ್ಮ."

ನಾನು ಕತೆ ಕಟ್ಟುತ್ತಿಲ್ಲ. ದೊಡ್ಡಮ್ಮನ ಮನೆಗೆ ಬನ್ನಿ, ಗುಬ್ಬಿಯ ಫೋನಿನಲ್ಲಿ ಆ ಕರೆ ಇನ್ನೂ ಇದೆ, ನೋಡಿ. ಆಫೀಸಿನವರು ಆ ಕಂಬದ ಸಾಲನ್ನೇ ಅಳಿಸಿಹಾಕಿದರು. ಆದರೆ ಪುಟದ ತೀರಾ ಕೆಳಗೆ, ಹೊಸ ಕಂಬ ಸೇರಿಸಲಿ ಅಂತ ಯಾವಾಗಲೂ ಒಂದು ಖಾಲಿ ಸಾಲು ಇರುತ್ತದಲ್ಲ... ಸಂಜೆ ಯಾರು ತೆರೆದರೂ ಅದರಲ್ಲಿ ಹೆಸರಿಲ್ಲ, ನಂಬರಿಲ್ಲ, ಕೊನೆಯಲ್ಲಿ ಬಂದ್ ಅಂತ ಮಾತ್ರ ಇರುತ್ತದೆ. ಮಲ್ಲಿ ಈಗ ಸಂಜೆ ಪಾಳಿಗೆ ಬರುವುದಿಲ್ಲವಂತೆ.

ಗುಬ್ಬಿ ಮಾತ್ರ ಈಗಲೂ ಅದೇ ದಾರಿಯಲ್ಲಿ ಬರುತ್ತಾಳೆ. ತಂತಿಯಿಲ್ಲದ ಆ ಕಂಬ ಅಂಗೈಗೆ ಬೆಚ್ಚಗೆ ತಾಗುತ್ತದೆ. ಹಣೆ ಹತ್ತಿರ ತಂದು, ಗಂಟಲಲ್ಲಿ ಕೂತ ಆ ಸಣ್ಣ ದನಿಯನ್ನು ಎಬ್ಬಿಸಿ ಕೇಳುತ್ತಾಳೆ...

"ನಾನಲ್ಲ ಅಂತ ನಿನಗಾದ್ರೂ ಗೊತ್ತಲ್ವಾ ಅಣ್ಣ? ಒಂದೇ ಒಂದು ಸಲ, ಹೂಂ ಅನ್ನು."